ತಿರುವು, ಗೇಟು, ಜಾಗ: ರೈಲಿನ ವೇಗಮಿತಿಯ ಲೆಕ್ಕ

ತುಮಕೂರು–ಬೆಂಗಳೂರು ಹೆದ್ದಾರಿಯಲ್ಲಿ ಕಾರು ಓಡಿಸುವವರಿಗೆ ಪಕ್ಕದ ರೈಲು ನಿಧಾನ ಅನ್ನಿಸುವುದುಂಟು. ಎಂಜಿನ್ನಿಗೆ ಶಕ್ತಿ ಇದ್ದರೂ ಹಳಿ ಬಿಟ್ಟಷ್ಟೇ ವೇಗ. ರೈಲ್ವೆ ಎಂಜಿನಿಯರಿಂಗ್ ಪರೀಕ್ಷೆಗೆ ಮುಖ್ಯವಾದದ್ದು ತಿರುವಿನ ಲೆಕ್ಕ:

ವೇಗ = 0.27 × √[ತ್ರಿಜ್ಯ × (ಕ್ಯಾಂಟ್ + ಕ್ಯಾಂಟ್ ಕೊರತೆ)]

ವೇಗ ಗಂಟೆಗೆ ಕಿ.ಮೀ.ನಲ್ಲಿ, ತ್ರಿಜ್ಯ ಮೀಟರಿನಲ್ಲಿ, ಕ್ಯಾಂಟ್ ಮಿ.ಮೀ.ನಲ್ಲಿ. ಒಳಹಳಿಗಿಂತ ಹೊರಹಳಿ ಎಷ್ಟು ಎತ್ತರವೋ ಅದೇ ಕ್ಯಾಂಟ್. ಆ ವೇಗಕ್ಕೆ ಬೇಕಾದ ಕ್ಯಾಂಟಿಗಿಂತ ಕೊಟ್ಟದ್ದು ಎಷ್ಟು ಕಡಿಮೆಯೋ ಅದು ಕೊರತೆ. 1750ನ್ನು ಡಿಗ್ರಿಯಿಂದ ಭಾಗಿಸಿದರೆ ತ್ರಿಜ್ಯ. 2 ಡಿಗ್ರಿ ತಿರುವಿಗೆ 875 ಮೀ. ಕ್ಯಾಂಟ್ 90, ಕೊರತೆ 75 ಇಟ್ಟರೆ 102.6 ಬರುತ್ತದೆ. ಕೆಳಗಿನ 5ರ ಗುಣಿತಕ್ಕೆ ಇಳಿಸಿದರೆ 100 ಕಿ.ಮೀ.; 105ಕ್ಕೆ ಏರಿಸಿ ಬರೆದರೆ ಅಂಕ ಹೋಯಿತು.

ಹಾಗಾದರೆ ಹೊರಹಳಿಯನ್ನು ಇನ್ನೂ ಎತ್ತಬಾರದೇಕೆ? ಅದೇ ಹಳಿಯ ಮೇಲೆ ಗೂಡ್ಸ್ ಗಾಡಿಯೂ ಬರುತ್ತದಲ್ಲ. 60ರಲ್ಲಿ ಬರುವ ಗೂಡ್ಸಿಗೆ ಈ ತಿರುವಿನಲ್ಲಿ ಬೇಕಾದ ಕ್ಯಾಂಟ್ ಸುಮಾರು 57 ಮಿ.ಮೀ. 140 ಕೊಟ್ಟರೆ 83 ಹೆಚ್ಚಾಯಿತು, ಹೀಗೆ ಹೆಚ್ಚಾಗುವುದಕ್ಕೂ ಮಿತಿ 75. ಭಾರವೆಲ್ಲ ಒಳಹಳಿಗೆ ವಾಲಿ ಅದರ ತಲೆ ಚಪ್ಪಟೆಯಾಗುತ್ತದೆ. 130 ಕೊಡಬಹುದು, ಆಗ ವೇಗ 110.

ಆದರೆ ಕ್ಯಾಂಟನ್ನು ಒಮ್ಮೆಲೇ ಏರಿಸಲಾಗದು. ನೇರ ಹಳಿಯಿಂದ ತಿರುವಿಗೆ ಹೋಗುವ ಸಂಕ್ರಮಣ ಭಾಗದ ಉದ್ದ 0.008 × ಕ್ಯಾಂಟ್ × ವೇಗ. ಮೊದಲು 72 ಮೀ. ಸಾಕಿತ್ತು, ಈಗ ಸುಮಾರು 115 ಮೀ. ಅದನ್ನು ಉದ್ದ ಮಾಡಲು ಹಳಿಯನ್ನು ಪಕ್ಕಕ್ಕೆ ಸರಿಸಬೇಕು. ಪಕ್ಕದಲ್ಲೇ ಹೆದ್ದಾರಿ ಇದ್ದರೆ ಸರಿಸುವುದೆಲ್ಲಿಗೆ? ಹತ್ತು ಕಿ.ಮೀ. ವೇಗದ ಬೆಲೆ ಕೊನೆಗೆ ಜಾಗದ ಬೆಲೆಯೇ.

ಹಣದ ವಿಷಯ ಚಿಕ್ಕದು. 2017ರಿಂದ ರೈಲ್ವೆಗೆ ಪ್ರತ್ಯೇಕ ಬಜೆಟ್ ಇಲ್ಲ. ಪ್ರಯಾಣಿಕರ ಟಿಕೆಟ್ಟು ಖರ್ಚನ್ನು ಪೂರ್ತಿ ತುಂಬುವುದಿಲ್ಲ, ಗೂಡ್ಸಿನ ಲಾಭ ಅದನ್ನು ಸರಿದೂಗಿಸುತ್ತದೆ. ತುಮಕೂರು–ದಾವಣಗೆರೆ, ತುಮಕೂರು–ರಾಯದುರ್ಗ ಹೊಸ ಮಾರ್ಗಗಳಿಗೆ ಅರ್ಧ ವೆಚ್ಚ ರಾಜ್ಯದ್ದು, ಜಾಗವೂ ಉಚಿತ. ಹಳೆ ಹಳಿ ಬದಲಿಸುವ ಕೆಲಸಕ್ಕೆ ರೈಲ್ವೆ ಲೆಕ್ಕದಲ್ಲಿ ಬೇರೆಯೇ ಶೀರ್ಷಿಕೆ: 31. ಹೊಸ ಮಾರ್ಗ, ಹಳಿ ಬದಲಾವಣೆ ಇವೆರಡನ್ನು ಬೆರೆಸಿ ಬರೆಯುವ ತಪ್ಪು ತುಂಬಾ ಸಾಮಾನ್ಯ.

ಹೆದ್ದಾರಿಗೆ ಅಂಟಿಕೊಂಡ ರೈಲ್ವೆ ಗೇಟಿನ ಕಷ್ಟ ಬೇರೆ. ಗೇಟು ಬಿದ್ದಾಗ ಹೆದ್ದಾರಿಗೂ ಹಳಿಗೂ ನಡುವೆ ಎರಡೋ ಮೂರೋ ಲಾರಿಗಷ್ಟೇ ಜಾಗ. ನಾಲ್ಕನೆಯದರ ಹಿಂಭಾಗ ಹೆದ್ದಾರಿಯಲ್ಲೇ. ಬೈಕು, ಆಟೋಗಳು ಎದುರಿನ ಲೇನಿಗೂ ನುಗ್ಗಿ ನಿಲ್ಲುತ್ತವೆ, ಆ ಕಡೆಯೂ ಅದೇ ಕತೆ. ಗೇಟು ಎತ್ತಿದ ಕೂಡಲೇ ಮುಖಾಮುಖಿ. ಲಾರಿ ಹಳಿಯ ಮೇಲೆ ಸಿಕ್ಕಿಕೊಂಡರೆ ಗೇಟ್‌ಮನ್ ಮುಂದಿನ ರೈಲಿಗೆ ಗೇಟು ಹಾಕಲಾರ. ಇಂಟರ್‌ಲಾಕ್ ಆದ ಗೇಟಿಗೆ ಬೀಗ ಬೀಳದೆ ಸಿಗ್ನಲ್ ಬಿಡುವುದಿಲ್ಲ, ರೈಲು ಹೊರಗೇ ನಿಲ್ಲುತ್ತದೆ.

ಗೇಟಿನ ಬದಲು ಮೇಲ್ಸೇತುವೆಯನ್ನು ರೈಲ್ವೆ–ರಾಜ್ಯ ಪಾಲಿನಲ್ಲಿ ಕಟ್ಟಲು ಅಳತೆಗೋಲು 1 ಲಕ್ಷ ಟಿವಿಯು (ಟ್ರೇನ್ ವೆಹಿಕಲ್ ಯೂನಿಟ್): ದಿನದ ರೈಲುಗಳನ್ನು ವಾಹನ ಯೂನಿಟ್‌ಗಳಿಂದ ಗುಣಿಸಿದ್ದು. 40 ರೈಲು, 2500 ಯೂನಿಟ್ ಇದ್ದರೆ ಮುಟ್ಟಿತು. ಎಣಿಸುವಾಗ ಲಾರಿಗೂ ಎತ್ತಿನ ಗಾಡಿಗೂ ಒಂದೊಂದು ಯೂನಿಟ್, ಆಟೋಗೆ ಅರ್ಧ.