ಪೆಲೆ ಆಡಿದ ಕಾಸ್ಮಾಸ್ ತಂಡ ಎಲ್ಲಿ ಹೋಯಿತು?

ಪ್ರಶ್ನೆ: ಪೆಲೆ 1977ರಲ್ಲಿ ಕಲ್ಕತ್ತಕ್ಕೆ ಬಂದದ್ದು ನ್ಯೂಯಾರ್ಕ್ ಕಾಸ್ಮಾಸ್ ತಂಡದ ಜೊತೆ ಎಂದು ಓದಿದ್ದೇನೆ. ಮೆಸ್ಸಿ ಆಡುವ ಅಮೆರಿಕದ ಲೀಗ್‌ನಲ್ಲಿ ಆ ಹೆಸರೇ ಕಾಣುವುದಿಲ್ಲವಲ್ಲ, ಅದು ಸೋತು ಕೆಳದರ್ಜೆಗೆ ಇಳಿಯಿತೇ?

ಉತ್ತರ: ಇಲ್ಲ. ಸೋತವರು ಕೆಳಗಿಳಿದು ಗೆದ್ದವರು ಮೇಲೇರುವ ಯುರೋಪಿನ ಪದ್ಧತಿ ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ ಈವರೆಗೆ ಬೇರೂರಿಲ್ಲ. ಅಲ್ಲಿ ಲೀಗ್‌ನೊಳಗೆ ಸ್ಥಾನ ಪಡೆಯಲು ಹಣ ತೆರಬೇಕು. ಆ ಲೀಗ್ ನಿಂತುಹೋದರೆ ಅದರ ಅತ್ಯಂತ ಬಲಿಷ್ಠ ತಂಡಕ್ಕೂ ಆಡಲು ನೆಲೆಯಿರುವುದಿಲ್ಲ. ಕಾಸ್ಮಾಸ್‌ಗೆ ಈ ಗತಿ ಎರಡು ಬಾರಿ ಒದಗಿತು.

ವಾರ್ನರ್ ಕಮ್ಯುನಿಕೇಷನ್ಸ್ ಕಂಪನಿಯ ಸ್ಟೀವ್ ರಾಸ್ ಮತ್ತು ಅಟ್ಲಾಂಟಿಕ್ ರೆಕಾರ್ಡ್ಸ್‌ನ ಎರ್ಟೆಗುನ್ ಸಹೋದರರು ಕಟ್ಟಿದ ಈ ತಂಡ 1971ರಲ್ಲಿ ನಾರ್ತ್ ಅಮೆರಿಕನ್ ಸಾಕರ್ ಲೀಗ್‌ನಲ್ಲಿ ಆಟ ಆರಂಭಿಸಿತು. ನಗರದ ಬೇಸ್‌ಬಾಲ್ ತಂಡ 'ಮೆಟ್ರೊಪಾಲಿಟನ್ಸ್', ಅಂದರೆ ಮೆಟ್ಸ್, ಆಗಿದ್ದರೆ ನಾವು ಇನ್ನೂ ಒಂದು ಕೈ ಮೇಲೆ, 'ಕಾಸ್ಮೊಪಾಲಿಟನ್ಸ್' ಎಂಬ ಹಮ್ಮಿನಿಂದ ಹುಟ್ಟಿದ ಹೆಸರು ಅದು. 1972ರಲ್ಲಿಯೇ ಪ್ರಶಸ್ತಿ ಗೆದ್ದರೂ ನೋಡಲು ಬರುವವರು ವಿರಳವಾಗಿದ್ದರು.

1975ರ ಜೂನ್‌ನಲ್ಲಿ, ಅದಾಗಲೇ ಬ್ರೆಜಿಲ್‌ನ ಸ್ಯಾಂಟೋಸ್ ತಂಡವನ್ನು ಬಿಟ್ಟು ವಿಶ್ರಾಂತಿಯಲ್ಲಿದ್ದ ಪೆಲೆಯನ್ನು ವ್ಯವಸ್ಥಾಪಕ ಕ್ಲೈವ್ ಟಾಯ್ ಕರೆತಂದರು. ಡಲ್ಲಾಸ್ ಟೊರ್ನಾಡೊ ವಿರುದ್ಧ 2-2ರಲ್ಲಿ ಮುಗಿದ ಮೊದಲ ಪಂದ್ಯ ನಡೆದದ್ದು ರ‍್ಯಾಂಡಲ್ಸ್ ದ್ವೀಪದ ಹಳೆಯ ಡೌನಿಂಗ್ ಕ್ರೀಡಾಂಗಣದಲ್ಲಿ. ಹುಲ್ಲಿಲ್ಲದ ಕಡೆ ಟಿವಿ ಕ್ಯಾಮೆರಾಗಳ ಸಲುವಾಗಿ ಹಸಿರು ಬಣ್ಣ ಬಳಿದಿದ್ದರು. ಕಾಲಿಗೆ ಅಂಟಿದ ಆ ಬಣ್ಣವನ್ನು ಕಂಡ ಪೆಲೆ ಚರ್ಮರೋಗವೆಂದು ಗಾಬರಿಗೊಂಡ ಕಥೆ ಇಂದಿಗೂ ಚಲಾವಣೆಯಲ್ಲಿದೆ. ಎರಡೇ ವರ್ಷಗಳಲ್ಲಿ ಇಟಲಿಯ ಕಿನಾಲ್ಯ, ಜರ್ಮನಿಯ ಬೆಕೆನ್‌ಬಾವರ್, ಬ್ರೆಜಿಲ್‌ನ ಕಾರ್ಲೋಸ್ ಆಲ್ಬರ್ಟೊ ಜೊತೆಗೂಡಿದರು. 1977ರ ಆಗಸ್ಟ್‌ 14ರಂದು ನ್ಯೂಜೆರ್ಸಿಯ ಜೈಂಟ್ಸ್ ಕ್ರೀಡಾಂಗಣದಲ್ಲಿ 77,691 ಜನ ಸೇರಿದ್ದರು. ಅದೇ ತಿಂಗಳು ಸಿಯಾಟಲ್ ತಂಡವನ್ನು 2-1ರಿಂದ ಮಣಿಸಿ ಪೆಲೆ ಲೀಗ್ ಪ್ರಶಸ್ತಿಯೊಂದಿಗೆ ಹೊರಬಂದರು.

ನೀವು ಓದಿದ ಪಂದ್ಯ ಇದಾದ ಮೇಲಿನದು. ಸೆಪ್ಟೆಂಬರ್ 24ರಂದು ಮಳೆಯಿಂದ ಒದ್ದೆಯಾಗಿದ್ದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಕಾಸ್ಮಾಸ್ ಜೊತೆ 2-2ರ ಸಮಬಲ ಸಾಧಿಸಿತು. ಪ್ರದರ್ಶನ ಪಂದ್ಯವಾದರೂ, ಬಗಾನ್ ತರಬೇತುದಾರ ಪಿ.ಕೆ. ಬ್ಯಾನರ್ಜಿ ಅವರ ಹುಡುಗರ ಆ ದಿನದ ಆಟವನ್ನು ಬರೀ ಅತಿಥಿ ಸತ್ಕಾರವೆಂದು ತಳ್ಳಿಹಾಕುವುದು ಅನ್ಯಾಯ. ವಾರದ ನಂತರ, ಅಕ್ಟೋಬರ್ 1ರಂದು, ಪೆಲೆ ಅರ್ಧ ಪಂದ್ಯವನ್ನು ಕಾಸ್ಮಾಸ್ ಪರ, ಉಳಿದರ್ಧವನ್ನು ಸ್ಯಾಂಟೋಸ್ ಪರ ಆಡಿ ವಿದಾಯ ಹೇಳಿದರು.

ಕಾಸ್ಮಾಸ್ ಅನಂತರವೂ 1978, 1980, 1982ರಲ್ಲಿ ಗೆದ್ದಿತು. ಕುಸಿದದ್ದು ಸುತ್ತಲಿನ ಕಟ್ಟಡ, ಅಂದರೆ ಲೀಗ್. ವಾರ್ನರ್‌ನಷ್ಟು ದುಡ್ಡಿಲ್ಲದ ಇತರ ಮಾಲೀಕರು ಅದರ ಸರಿಸಮಕ್ಕೆ ಖರ್ಚು ಮಾಡಲು ಹೋಗಿ ಕೈ ಸುಟ್ಟುಕೊಂಡರು. 1978ರಲ್ಲಿ 24 ಇದ್ದ ತಂಡಗಳು 1984ರ ಹೊತ್ತಿಗೆ 9ಕ್ಕೆ ಇಳಿದವು. ಅಷ್ಟರಲ್ಲಿ ಅಟಾರಿ ವಿಡಿಯೊ ಗೇಮ್ ವ್ಯಾಪಾರದಲ್ಲಿ ಭಾರಿ ನಷ್ಟ ಕಂಡ ವಾರ್ನರ್ ತಂಡವನ್ನು ಕಿನಾಲ್ಯ ಅವರಿಗೆ ಬಿಟ್ಟುಕೊಟ್ಟಿತು. 1985ರಲ್ಲಿ ಲೀಗ್ ಮುಚ್ಚಿತು, ಕಾಸ್ಮಾಸ್ ಕೂಡ. ನನ್ನ ಎಣಿಕೆಯಲ್ಲಿ ಮೂಲ ದೋಷ ಇಲ್ಲಿಯೇ ಇದೆ: ಊರಿನ ಜನ ಕಟ್ಟಿ ಬೆಳೆಸಿದ ಕ್ಲಬ್ ಅಲ್ಲ ಅದು, ಕಂಪನಿಯೊಂದರ ಲೆಕ್ಕಪುಸ್ತಕದ ಒಂದು ಬಾಬ್ತು.

1996ರಲ್ಲಿ ಮೆಸ್ಸಿ ಈಗ ಆಡುವ ಮೇಜರ್ ಲೀಗ್ ಸಾಕರ್ ಶುರುವಾದಾಗ ಕಾಸ್ಮಾಸ್ ಹೆಸರಿನ ಹಕ್ಕು ತಂಡದ ಹಳೆಯ ಅಧಿಕಾರಿ ಪೆಪ್ಪೆ ಪಿಂಟನ್ ಅವರ ಬಳಿಯಿತ್ತು. ಅವರು ಅದನ್ನು ಮಾರಿದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಆ ಲೀಗ್‌ನಲ್ಲಿ ನ್ಯೂಯಾರ್ಕ್ ಪ್ರದೇಶದ ಜಾಗವನ್ನು ಇಂದಿನ ರೆಡ್ ಬುಲ್ಸ್ ಹಿಡಿದಿತ್ತು, ಇನ್ನೊಂದನ್ನು 10 ಕೋಟಿ ಡಾಲರ್ ತೆತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಮತ್ತು ನ್ಯೂಯಾರ್ಕಿನ ಬೇಸ್‌ಬಾಲ್ ತಂಡ ಯಾಂಕೀಸ್ ಪಾಲುದಾರಿಕೆ 2013ರಲ್ಲಿ ಪಡೆಯಿತು. ಅದೇ ವರ್ಷ ಕಾಸ್ಮಾಸ್ ಹಳೆಯ ಲೀಗ್‌ನ ಹೆಸರನ್ನೇ ಹೊತ್ತ ಎರಡನೇ ದರ್ಜೆಯ ಹೊಸ ಲೀಗ್‌ಗೆ ಇಳಿದು 2013, 2015, 2016ರಲ್ಲಿ ಪ್ರಶಸ್ತಿ ಗೆದ್ದಿತು. ಆ ಲೀಗ್ ಮಾನ್ಯತೆ ಕಳೆದುಕೊಂಡು 2017ರ ಬಳಿಕ ನಿಂತಿತು. 2020ರಲ್ಲಿ ಮತ್ತೊಂದು ಸಣ್ಣ ಲೀಗ್‌ನಲ್ಲಿ ಕೆಲವೇ ಪಂದ್ಯ ಆಡಿ ತಂಡ ಮತ್ತೆ ಮೌನವಾಯಿತು.

2025ರ ಜುಲೈನಲ್ಲಿ ಹೊಸ ಮಾಲೀಕರು, ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನ ಹಿಂಚ್‌ಲಿಫ್ ಕ್ರೀಡಾಂಗಣವನ್ನು ನೆಲೆಯಾಗಿಸಿಕೊಂಡು 2026ರಿಂದ ಯುಎಸ್‌ಎಲ್ ಲೀಗ್ ಒನ್‌ನಲ್ಲಿ ಕಾಸ್ಮಾಸ್ ಆಡಲಿದೆಯೆಂದು ಘೋಷಿಸಿದರು. ಅದು ಮೂರನೇ ದರ್ಜೆಯ ಲೀಗ್. ಆದ್ದರಿಂದ ಮೆಸ್ಸಿಯ ಲೀಗ್‌ನಿಂದ ಎರಡು ಮೆಟ್ಟಿಲು ಕೆಳಗೆ ನೀವು ಆ ಹೆಸರನ್ನು ಹುಡುಕಬೇಕು.