ಸುಮ್ಮನೆ ಕುಳಿತು ಸರಿಯಾದ ಕೋಡ್ ಬರೆದುಕೊಟ್ಟರೆ ಸಾಲದೇ?

ಪ್ರಶ್ನೆ: ತುಮಕೂರಿನ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಸಂದರ್ಶನದಲ್ಲಿ ಕೋಡ್ ಬರೆಯುತ್ತಲೇ ಮಾತನಾಡುತ್ತಿರಬೇಕಂತೆ. ಇಂಗ್ಲಿಷಿನಲ್ಲಿ ತಡವರಿಸುವ ನಾನು ಸುಮ್ಮನೆ ಕುಳಿತು ಸರಿಯಾದ ಕೋಡ್ ಬರೆದುಕೊಟ್ಟರೆ ಸಾಲದೇ ಸರ್?

ಉತ್ತರ: ಮೊದಲ ಸುತ್ತಿಗೆ ಸಾಕು, ಮುಂದಿನವಕ್ಕೆ ಸಾಲದು. ಆನ್‌ಲೈನ್ ಪರೀಕ್ಷೆಯಲ್ಲಿ ನಿಮ್ಮ ಕೋಡನ್ನು ಉತ್ತರ ಮೊದಲೇ ಗೊತ್ತಿರುವ ಮಾದರಿ ಲೆಕ್ಕಗಳ, ಅಂದರೆ ಟೆಸ್ಟ್ ಕೇಸ್‌ಗಳ ಮೇಲೆ ಓಡಿಸಿ ಯಂತ್ರವೇ ಅಂಕ ಕೊಡುವುದರಿಂದ ಅಲ್ಲಿ ಮಾತಿಗೆ ಕೆಲಸವಿಲ್ಲ. ಆಮೇಲಿನ ಸುತ್ತುಗಳು ಹಾಗಲ್ಲ. ಮುಕ್ಕಾಲು ಗಂಟೆ, ಒಂದು ಗಂಟೆ ನಿಮ್ಮೊಡನೆ ಕಳೆದ ಸಂದರ್ಶಕರು ಕೊನೆಗೆ ವರದಿ ಬರೆಯಬೇಕು. ಗೂಗಲ್‌ನಂಥ ಕಡೆ ನಿಮ್ಮ ಮುಖವನ್ನೇ ನೋಡಿರದ ನೇಮಕಾತಿ ಸಮಿತಿಯೊಂದು ಆ ವರದಿಗಳನ್ನು ಓದಿ ತೂಗುತ್ತದೆ. 'ಉತ್ತರ ಸರಿಯಿತ್ತು, ಅಭ್ಯರ್ಥಿ ಮಾತನಾಡಲಿಲ್ಲ' ಎಂದಷ್ಟೇ ಬರೆದರೆ, ನೀವು ಯೋಚಿಸಿ ಬರೆದಿರೋ ಹಿಂದೆ ಎಲ್ಲೋ ಬಿಡಿಸಿದ್ದ ಲೆಕ್ಕವನ್ನು ನೆನಪಿನಿಂದ ಇಳಿಸಿದಿರೋ ಎಂಬುದು ಓದುವವರಿಗೆ ತಿಳಿಯುವುದಿಲ್ಲ.

ಹಾಗಾದರೆ ಏನನ್ನು ಮಾತನಾಡಬೇಕು? ಹಳೆಯ ಲೆಕ್ಕವೊಂದನ್ನೇ ನಮ್ಮ ಜಿಲ್ಲೆಯ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೊಂದಿಸಿ ನೋಡೋಣ. ಮೂಟೆಗಳ ತೂಕದ ಪಟ್ಟಿ ಕೊಟ್ಟಿದ್ದಾರೆ: 42, 50, 37, 58. ಎರಡು ಮೂಟೆ ಸೇರಿ ಸರಿಯಾಗಿ 100 ಕಿಲೋ ಆಗುವ ಜೋಡಿ ಇದೆಯೇ, ಇದ್ದರೆ ಯಾವುದು ಎಂದು ಹೇಳಬೇಕು. ಕೀಲಿಮಣೆ ಮುಟ್ಟುವ ಮೊದಲೇ ಕೇಳಬೇಕಾದವು ಇವೆ: ಒಂದೇ ತೂಕದ ಎರಡು ಮೂಟೆ ಇರಬಹುದೇ, ಒಂದೇ ಮೂಟೆಯನ್ನು ಎರಡು ಸಲ ಎಣಿಸಬಹುದೇ, ಪಟ್ಟಿ ಎಷ್ಟು ಉದ್ದ? ಇಂಥ ಪ್ರಶ್ನೆ ಕೇಳಿದರೆ ದಡ್ಡರೆಂದುಕೊಳ್ಳುತ್ತಾರೆ ಎಂಬ ಅಳುಕು ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ತುಸು ಹೆಚ್ಚು. ತರಗತಿಯಲ್ಲಿ ಪ್ರಶ್ನೆ ಕೇಳದೇ ಬೆಳೆದ ಅಭ್ಯಾಸವದು. ಇಲ್ಲಿ ಕೇಳದಿರುವುದೇ ಕೊರತೆಯೆನಿಸುತ್ತದೆ.

ಆಮೇಲೆ ತೋಚಿದ ನೇರ ದಾರಿಯನ್ನೇ ಹೇಳಿ: ಪ್ರತಿ ಮೂಟೆಯನ್ನೂ ಉಳಿದೆಲ್ಲವುಗಳೊಂದಿಗೆ ಕೂಡಿಸಿ ನೋಡುವುದು. ಒಂದು ಲಕ್ಷ ಮೂಟೆಗಳಿದ್ದರೆ ಇದಕ್ಕೆ ಸುಮಾರು 500 ಕೋಟಿ ಜೋಡಿಗಳನ್ನು ನೋಡಬೇಕಾದೀತು ಎಂಬುದನ್ನೂ ನೀವೇ ಹೇಳಿಬಿಡಿ. ಅದಕ್ಕೆ ಬದಲಾಗಿ, ಕಂಡ ತೂಕಗಳನ್ನು, ಒಂದು ಸಂಖ್ಯೆ ತನ್ನೊಳಗಿದೆಯೇ ಎಂದು ತಟ್ಟನೆ ಹೇಳುವ ಡೇಟಾ ಸ್ಟ್ರಕ್ಚರ್ (ಮಾಹಿತಿ ಜೋಡಿಸಿಡುವ ವಿಧಾನ) ಆದ ಹ್ಯಾಷ್ ಸೆಟ್‌ನಲ್ಲಿ ಇಡುತ್ತಾ, ಪ್ರತಿ ಮೂಟೆಗೆ '100ಕ್ಕೆ ಉಳಿದದ್ದು ಆಗಲೇ ಬಂದಿದೆಯೇ' ಎಂದು ನೋಡುತ್ತಾ ಹೋದರೆ ಪಟ್ಟಿಯನ್ನು ಒಂದೇ ಸಲ ಓದಿದರೆ ಮುಗಿಯಿತು, ಆದರೆ ಮೆಮೊರಿ ಹೆಚ್ಚು ಬೇಕು. ತೂಕವನ್ನು ಮೊದಲು ಸೆಟ್‌ಗೆ ಸೇರಿಸಿ ಆಮೇಲೆ ಹುಡುಕುವವರು ಇಲ್ಲಿ ಎಡವುತ್ತಾರೆ: 50 ಕಿಲೋದ ಮೂಟೆ ಇರುವುದು ಒಂದೇ, ಆದರೂ ಅದು ತನಗೆ ತಾನೇ ಜೋಡಿಯಾಗಿ, 58 ಬರುವ ಮೊದಲೇ ತಪ್ಪು ಉತ್ತರ ಹೊರಬೀಳುತ್ತದೆ. ನೀವು ಬಾಯಿಬಿಟ್ಟು ನಾಲ್ಕೂ ಸಂಖ್ಯೆಗಳನ್ನು ಕೋಡಿನ ಮೂಲಕ ಸಾಗಿಸುತ್ತಿದ್ದರೆ ತಪ್ಪು ನಿಮಗೇ ಕಣ್ಣಿಗೆ ಬೀಳಬಹುದು; ಬೀಳದಿದ್ದರೆ ಸಂದರ್ಶಕರು 'ಎರಡನೇ ಮೂಟೆಯನ್ನು ಇನ್ನೊಮ್ಮೆ ನೋಡಿ' ಎಂದು ಸುಳಿವು ಕೊಡಬಹುದು. ಮೌನವಾಗಿರುವವರಿಗೆ ಸುಳಿವು ಕೊಡುವುದು ಕಷ್ಟ, ಏಕೆಂದರೆ ಅವರು ಎಲ್ಲಿ ಸಿಕ್ಕಿಕೊಂಡಿದ್ದಾರೆಂಬುದೇ ಗೊತ್ತಾಗುವುದಿಲ್ಲ.

ಇನ್ನು ಇಂಗ್ಲಿಷ್. ಮೇಲಿನ ಯಾವ ಮಾತಿಗೂ ದೊಡ್ಡ ವಾಕ್ಯ ಬೇಕಿಲ್ಲ. 'ಫಸ್ಟ್ ಐ ಚೆಕ್, ದೆನ್ ಐ ಆಡ್' ಎಂದರೂ ಮೇಲಿನ ತಪ್ಪನ್ನು ನೀವು ಗಮನಿಸಿದ್ದೀರೆಂಬುದು ತಿಳಿಯುತ್ತದೆ. ಎಡೆಬಿಡದೆ ಮಾತನಾಡುವುದೂ ಬೇಡ. 'ಎರಡು ನಿಮಿಷ ಯೋಚಿಸುತ್ತೇನೆ' ಎಂದು ಹೇಳಿ ಸುಮ್ಮನಾದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಿಂದೆ ಮಾಡಿದ ಕೆಲಸ, ತಂಡದೊಳಗಿನ ಭಿನ್ನಾಭಿಪ್ರಾಯ ಮುಂತಾದವನ್ನು ಕೇಳುವ ಸುತ್ತಿಗೆ ಮಾತ್ರ ತುಸು ಹೆಚ್ಚು ಇಂಗ್ಲಿಷ್ ಬೇಕು. ಅದಕ್ಕೆ ನಿಮ್ಮ ಪ್ರಾಜೆಕ್ಟಿನ ಮೂರು ನಾಲ್ಕು ಪ್ರಸಂಗಗಳನ್ನು ಮೊದಲೇ ಬರೆದು, ಗಟ್ಟಿಯಾಗಿ ಓದಿಕೊಂಡಿರಿ.

ಅಭ್ಯಾಸವನ್ನು ಕನ್ನಡದಲ್ಲೇ ಶುರುಮಾಡಿ ಎಂಬುದು ನನ್ನ ಸಲಹೆ. ಯೋಚಿಸುವುದು ಮತ್ತು ಹೇಳುವುದು ಎರಡೂ ಒಟ್ಟಿಗೆ ಹೊಸದಾದಾಗ ಮೂರನೆಯದಾಗಿ ಭಾಷೆಯ ಹೊರೆ ಬೇಡ. ಹಾಸ್ಟೆಲ್ಲಿನ ಗೆಳತಿಯೊಬ್ಬಳನ್ನು ಎದುರು ಕೂರಿಸಿಕೊಂಡು, ತಾನಾಗಿ ಪದ ತುಂಬಿಕೊಡದ ಬರಿಯ ನೋಟ್‌ಪ್ಯಾಡಿನಲ್ಲಿ ಕೋಡ್ ಬರೆಯುತ್ತಾ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ವಾರ ಕಳೆದ ಮೇಲೆ ಅದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಹೇಳಿ, ಎರಡು ರೆಕಾರ್ಡಿಂಗ್‌ಗಳನ್ನೂ ಕೇಳಿ. ಎರಡರಲ್ಲೂ ಒಂದೇ ಜಾಗದಲ್ಲಿ ಮಾತು ನಿಂತಿದ್ದರೆ, ಅಲ್ಲಿ ಕಲಿಯಬೇಕಾದದ್ದು ಇಂಗ್ಲಿಷನ್ನಲ್ಲ, ಡೇಟಾ ಸ್ಟ್ರಕ್ಚರನ್ನು.