ಹಳಸಿದ ಪೆಟ್ರೋಲು, ನಿಂತ ಟರ್ಬೈನು: ‘ಸರ್ವೈವರ್ಸ್’ ಸರಣಿಯ ಲೆಕ್ಕಾಚಾರ

ಬಿಬಿಸಿಯಲ್ಲಿ 1975ರ ಏಪ್ರಿಲ್ 16ರಂದು ಶುರುವಾದ ‘ಸರ್ವೈವರ್ಸ್’, ಸಾಂಕ್ರಾಮಿಕ ರೋಗವೊಂದು ಬಹುತೇಕ ಎಲ್ಲರನ್ನೂ ಕೊಂದ ಮೇಲೆ ಬದುಕುಳಿದವರ ಧಾರಾವಾಹಿ. ಅದರಲ್ಲಿ ರೋಗಕ್ಕೆ ಸಿಕ್ಕ ಜಾಗ ಕಡಿಮೆ. ಶೀರ್ಷಿಕೆ ಓಡುವಾಗಲೇ ಪ್ರಯೋಗಾಲಯದ ಗಾಜಿನ ಪಾತ್ರೆ ಕೈಜಾರಿ ಒಡೆಯುತ್ತೆ, ವಿಮಾನ ಹಾರುತ್ತೆ, ಪಾಸ್‌ಪೋರ್ಟಿಗೆ ಠಸ್ಸೆ ಬೀಳುತ್ತೆ. ಮೊದಲ ಕಂತು ಮುಗಿಯುವಷ್ಟರಲ್ಲಿ ಇಂಗ್ಲೆಂಡ್ ಬಹುಮಟ್ಟಿಗೆ ಖಾಲಿ. ಉಳಿದ 37 ಕಂತುಗಳದ್ದು ಉಗ್ರಾಣದ ಚಿಂತೆ: ಇರುವುದು ಎಷ್ಟು ದಿನ ಬಂದೀತು, ಮುಗಿದ ಮೇಲೆ ಮಾಡಿಕೊಳ್ಳಲು ಯಾರಿಗೆ ಬರುತ್ತೆ? 1973ರ ತೈಲ ಬಿಕ್ಕಟ್ಟು, 1974ರ ಆರಂಭದಲ್ಲಿ ವಾರಕ್ಕೆ ಮೂರೇ ದಿನ ಕಾರ್ಖಾನೆ ಓಡಿಸಿದ ಅನುಭವ ಎರಡೂ ಅಲ್ಲಿನ ಪ್ರೇಕ್ಷಕರಿಗೆ ಹಸಿಯಾಗಿದ್ದವು.

ತಪ್ಪು ಮಾಡದ ಬಾರ್ನಿಯನ್ನು ಮತ ಹಾಕಿ ಕೊಲ್ಲುವ ‘ಲಾ ಅಂಡ್ ಆರ್ಡರ್’ ಕಂತನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲೇಬೇಕು. ಎಂಜಿನಿಯರ್ ಕಣ್ಣು ಮಾತ್ರ ‘ಸಮ್‌ಥಿಂಗ್ ಆಫ್ ವ್ಯಾಲ್ಯೂ’ ಮೇಲೆ ನಿಲ್ಲುತ್ತೆ. ಪ್ರವಾಹದ ನೀರು ನುಗ್ಗಿ ದಾಸ್ತಾನು ಹಾಳಾದಾಗ, ಬದುಕುಳಿದವರ ಗುಂಪು ಕಟ್ಟಿದ ಆಬಿ ಗ್ರ್ಯಾಂಟ್ ಬಳಗದವರಿಗೆ ಬದಲಿ ಕೊಟ್ಟು ಸಾಮಾನು ತರಲು ಉಳಿಯುವುದು ಒಂದು ಟ್ಯಾಂಕರ್ ಪೆಟ್ರೋಲು. ಟ್ಯಾಂಕರ್ ಆಗಿದ್ದಕ್ಕೆ ಬಚಾವು: ಕೆಳಗಿನ ವಾಲ್ವ್ ತಿರುಗಿಸಿದರೆ ತಾನೇ ಇಳಿಯುತ್ತೆ. ಬಂಕಿನ ನೆಲದೊಳಗಿನ ಟ್ಯಾಂಕಿಗೆ ಬರೀ ಪೈಪು ಇಳಿಬಿಟ್ಟು ಬಾಯಲ್ಲಿ ಎಳೆದರೆ ಪ್ರಯೋಜನವಿಲ್ಲ. ಪೈಪಿನ ಹೊರತುದಿ ಟ್ಯಾಂಕಿನೊಳಗಿನ ಪೆಟ್ರೋಲಿನ ಮಟ್ಟಕ್ಕಿಂತ ಕೆಳಗಿದ್ದರಷ್ಟೇ ಹೀಗೆ ಎಳೆದದ್ದು (ಸೈಫನ್) ತಾನಾಗಿ ಹರಿಯುವುದು. ಕರೆಂಟಿಲ್ಲದ ಮೇಲೆ ಬೇಕಾದದ್ದು ಬ್ಯಾರಲ್‌ಗೆ ಹಾಕುವ ಕೈಪಂಪು. ಅದರ ಪೈಪನ್ನೂ ತಳಕ್ಕೆ ತಾಗಿಸಬಾರದು, ನಾಲ್ಕೈದು ಇಂಚು ಮೇಲಿರಲಿ. ಪೆಟ್ರೋಲಿಗಿಂತ ಭಾರವಾದ ನೀರು, ತುಕ್ಕು, ಕೆಸರು ಎಲ್ಲ ಕೂತಿರುವುದು ಅಲ್ಲೇ.

ಸರಣಿ ಎಡವುವುದು ಪೆಟ್ರೋಲಿನ ಆಯಸ್ಸಿನ ವಿಚಾರದಲ್ಲಿ. ನಿಂತ ಕಾರಿನ ಟ್ಯಾಂಕಿನಲ್ಲಿ ಮೂರರಿಂದ ಆರು ತಿಂಗಳಿಗೇ ಅದು ಕೆಡಲು ಶುರು. ಮೊದಲು ಹಗುರ ಅಂಶಗಳು ಆರಿಹೋಗುತ್ತವೆ, ತಣ್ಣಗಿನ ಬೆಳಗ್ಗೆ ಎಂಜಿನ್ ಹೊತ್ತಿಕೊಳ್ಳದೆ ಸತಾಯಿಸುತ್ತೆ. ಆಮೇಲೆ ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗುತ್ತೆ. ಎಂಜಿನ್ನಿಗೆ ಪೆಟ್ರೋಲು-ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರಿನ ಜೆಟ್ ತೂತು ಸೂಜಿಮೊನೆಯಷ್ಟು, ತೆಳುವಾದ ಒಂದು ಪದರ ಕಟ್ಟಿದರೂ ಸಾಕು. ಬಾಯಿ ಭದ್ರವಾಗಿ ಮುಚ್ಚಿದ ಡ್ರಮ್ ತಂಪಿನಲ್ಲಿದ್ದರೆ ಒಂದು ವರ್ಷ ಬಂದೀತು. ನೆಲದೊಳಗಿನ ಟ್ಯಾಂಕಿನಲ್ಲಿ ಇನ್ನೂ ಕೊಂಚ ಹೆಚ್ಚು.

ಮೂರನೇ ಸರಣಿಯ ‘ಲಾಂಗ್ ಲಿವ್ ದ ಕಿಂಗ್’ ಕಂತನ್ನು ಈ ಲೆಕ್ಕ ಹಿಡಿದು ನೋಡಬೇಕು. ಬಳಗದ ಮುಂದಾಳು ಗ್ರೆಗ್ ಪ್ರೆಸ್ಟನ್ ಹೆಸರಿನಲ್ಲಿ ಹೊಸ ನೋಟು ಬರುತ್ತೆ, ಅದರ ಬೆನ್ನಿಗಿರುವುದು ಪೆಟ್ರೋಲ್ ದಾಸ್ತಾನು. ಉಪಾಯವೇನೋ ಜಾಣತನದ್ದೇ, ಎಲ್ಲರಿಗೂ ಬೇಕಾದ ಸರಕು ಅದು. ಆದರೆ ಚಿನ್ನ ಹಳಸುವುದಿಲ್ಲ, ಪೆಟ್ರೋಲ್ ಹಳಸುತ್ತೆ. ಖಜಾನೆ ಕೂತಲ್ಲೇ ಆವಿಯಾಗುತ್ತಿದ್ದರೆ ಜಾಣರು ನೋಟು ಹಿಡಿದು ಕೂರುವುದಿಲ್ಲ, ಬೇಗ ಪೆಟ್ರೋಲ್ ಬಿಡಿಸಿಕೊಂಡು ಸುಟ್ಟು ಮುಗಿಸುತ್ತಾರೆ.

ಕೊನೆಯ ಕಂತು ‘ಪವರ್’ (1977ರ ಜೂನ್ 8) ಸ್ಕಾಟ್ಲೆಂಡಿನ ಜಲವಿದ್ಯುತ್ ಕೇಂದ್ರವೊಂದನ್ನು ಮತ್ತೆ ಓಡಿಸುವ ಕಥೆ. ಆಯ್ಕೆ ಸರಿಯಾಗಿದೆ, ನೀರು ಹಳಸುವ ಇಂಧನವಲ್ಲ. ತೊಡಕಿರುವುದು ಬೇರೆ ಕಡೆ. ಟರ್ಬೈನ್ ತಿರುಗಿದ ಮಾತ್ರಕ್ಕೆ ಕರೆಂಟು ಹುಟ್ಟದು. ಜನರೇಟರಿನ ಸುರುಳಿಗೆ ಮೊದಲು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಕೊಟ್ಟು ಕಾಂತಕ್ಷೇತ್ರ ಎಬ್ಬಿಸಬೇಕು. ಅದನ್ನು ಕೊಡಬೇಕಾದ ಕೇಂದ್ರದ ಬ್ಯಾಟರಿ ಅಂದರೆ ಸಾಮಾನ್ಯವಾಗಿ 110 ವೋಲ್ಟಿನದು, ಎರಡೆರಡು ವೋಲ್ಟಿನ 55 ಸೆಲ್‌ಗಳ ಸಾಲು. ವರ್ಷಗಟ್ಟಲೆ ಚಾರ್ಜಿಲ್ಲದೆ ಬಿದ್ದ ಸೀಸದ ಪ್ಲೇಟುಗಳಿಗೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತೆ, ಬ್ಯಾಟರಿ ಕೆಲಸಕ್ಕೆ ಬಾರದು. ಹಳೇ ಯಂತ್ರವಾಗಿದ್ದು ಅದರ ಶಾಫ್ಟಿಗೇ ಚಿಕ್ಕ ಡಿಸಿ ಜನರೇಟರ್ ಜೋಡಿಸಿದ್ದರೆ ಅದೃಷ್ಟ: ಕಬ್ಬಿಣದಲ್ಲಿ ಉಳಿದ ಅಲ್ಪ ಕಾಂತತೆಯಿಂದಲೇ ಅದು ಎದ್ದೀತು.

ಕ್ರಮ ಹೀಗೆ: ಮೊದಲು ಬೇರಿಂಗಿಗೆ ಎಣ್ಣೆ, ಆಮೇಲೆ ಸ್ವಲ್ಪವೇ ನೀರು, 50 ಹರ್ಟ್ಸಿನ (ಕರೆಂಟು ಸೆಕೆಂಡಿಗೆ 50 ಆವರ್ತ ಮುಗಿಸುವ) ವೇಗಕ್ಕೆ ತಂದು ನಿಲ್ಲಿಸಿ ವೋಲ್ಟೇಜ್ ಏರಿಸುವುದು, ಕೊನೆಗೆ ಲೋಡನ್ನು, ಅಂದರೆ ಕರೆಂಟು ಬಳಸುವ ಮನೆ-ಯಂತ್ರಗಳನ್ನು, ತುಂಡುತುಂಡಾಗಿ ಸೇರಿಸುವುದು. ಒಮ್ಮೆಗೇ ಹೇರಿದರೆ ವೇಗ ಕುಸಿಯುತ್ತೆ, ಲೋಡು ಹಠಾತ್ತನೆ ತಪ್ಪಿದರೆ ಯಂತ್ರ ಹುಚ್ಚೆದ್ದು ಓಡುತ್ತೆ. ತುದಿಯಲ್ಲಿ ಲೋಡಿಲ್ಲದ ಉದ್ದನೆಯ ಲೈನಿಗೆ ಕರೆಂಟು ಬಿಟ್ಟರೆ ಆ ತುದಿಯಲ್ಲಿ ವೋಲ್ಟೇಜ್ ತಾನಾಗಿ ಏರಿ ಟ್ರಾನ್ಸ್‌ಫಾರ್ಮರನ್ನೇ ಬಲಿ ತೆಗೆದುಕೊಳ್ಳಬಹುದು.

ಈ ಕರೆಂಟು ಮೊದಲು ಸ್ಕಾಟ್ಲೆಂಡಿಗೋ ಇಂಗ್ಲೆಂಡಿಗೋ ಎಂಬುದು ಕಂತಿನ ಜಗಳ. ಬಲ್ಬಿನ ಲೆಕ್ಕ ಬೇರೆಯೇ ಇದೆ. ಆ ಕಾಲದ ತಂತಿ ಬಲ್ಬಿಗೆ ಸುಮಾರು 1,000 ಗಂಟೆ ಆಯಸ್ಸು. ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ 250 ದಿನ. ಆಮೇಲೆ ಮತ್ತೆ ಖಾಲಿ ಅಂಗಡಿಯ ಬೀಗ ಒಡೆಯಬೇಕು.